ಅಣ್ಣನ ಎಡಗಡೆ

ತೊಂಗ್ಯೊಂಗ್
೬ ಮಾರ್ಚ್ ೨೦೦೪

ಅತ್ತಿಗೆಯವರಿಗೆ ದೊಕ್‌ಸುನ್ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನ್ ಟೀವಿಯ ಪಕ್ಕದಲ್ಲಿದೆ, ಟೀವಿಯ ಮುಂದೆ ಅಣ್ಣ ಇರುತ್ತಾನೆ. ನಾನೇ ಹೇಳಹೊರಟರೆ ಅಳು ಬರುತ್ತದೆ. ನನ್ನ ಅಳು ಕೇಳಿದರೆ ಅವನು ಮೊದಲ ಬಸ್ಸು ಹತ್ತಿ ಇಲ್ಲಿಗೆ ಬಂದುಬಿಡುತ್ತಾನೆ. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ನನ್ನ ಬಲಗಾಲಿನ ಹಿಮ್ಮಡಿ ಕೆಟ್ಟಿದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಕೆಳಗಿನಿಂದ ಯಾರೋ ಮೊಳೆ ಹೊಡೆದ ಹಾಗಾಗುತ್ತದೆ. ಕಡಲ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಅಕ್ಟೋಬರಿನಿಂದ ಹಸಿ ಸಿಮೆಂಟಿನ ಮೇಲೆ, ರಬ್ಬರ್ ಬೂಟಿನಲ್ಲಿ, ದಿನಕ್ಕೆ ಹತ್ತು ಗಂಟೆ ನಿಂತಿದ್ದಕ್ಕೆ ಇದು ಬಹುಮಾನ. ಅಂಗಾಲಿನ ನಾರು ಊದಿದೆಯಂತೆ. ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡೇ ಹೇಳಿದರು: "ಓಡೋದು ಬಿಡಿ ಅಜ್ಜಿ, ನಾಲ್ಕು ತಿಂಗ್ಳು." ಐವತ್ತೇಳಕ್ಕೆ ಅಜ್ಜಿಯಾಗಿಬಿಟ್ಟೆ.

ಅಕ್ಟೋಬರ್ ಹದಿನೇಳರ ಓಟ ನಿಮಗೆ ನೆನಪಿದೆಯಲ್ಲ? ನಿಮ್ಮ ಚುಂಗ್ಜು ಕೆರೆಯ ಸುತ್ತ, ಇಪ್ಪತ್ತೊಂದು ಕಿಲೋಮೀಟರ್, ಜೋಡಿ ಓಟ. ಅಣ್ಣನ ಅರುವತ್ತಕ್ಕೆ ನಾವಿಬ್ಬರೂ ಕೈ ಹಿಡಿದು ಗೆರೆ ದಾಟಬೇಕೆಂದು ಎರಡು ವರ್ಷದ ಹಿಂದೆಯೇ ಮಾತಾಗಿದೆ. ನನ್ನ ಯಜಮಾನರು ತೀರಿಕೊಂಡ ಹದಿನೈದನೆಯ ದಿನ ಅಣ್ಣ ಬಂದು ಬಾಗಿಲು ತಟ್ಟಿ, "ಏಳೇ, ಓಡೋಣ" ಎಂದಿದ್ದ. ಅಲ್ಲಿಂದ ಎಂಟು ವರ್ಷ ಒಂದು ಓಟವನ್ನೂ ತಪ್ಪಿಸಿಲ್ಲ. ಅದಕ್ಕೂ ಮೊದಲು, ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗುವ ಮುಂಚೆ, ಶಾಲೆಗೆ ಹೋಗಿಬರುವ ಹನ್ನೆರಡು ಕಿಲೋಮೀಟರನ್ನು ಇಬ್ಬರೂ ಓಡಿಯೇ ಮುಗಿಸುತ್ತಿದ್ದೆವು. ಹೋಗುವಾಗ ಎಡಕ್ಕೆ ಹೊಳೆ, ಅಲ್ಲಿಂದ ಗಾಳಿ ಬೀಸುತ್ತಿತ್ತು. ನಾನು ಅಣ್ಣನ ಎಡಗಡೆ ಓಡಿ ಗಾಳಿಗೆ ಅಡ್ಡವಾಗುತ್ತಿದ್ದೆ. ಈ ಕಥೆ ನಿಮಗೆ ನೂರು ಸಲ ಹೇಳಿದ್ದೇವೆ, ಬಿಡಿ.

ಅವನಿಗೆ ಮೆತ್ತಗೆ ತಿಳಿಸಿ. ಅಕ್ಟೋಬರಿಗೆ ನಾನು ಗುಣವಾಗಿರುತ್ತೇನೆ, ಓಟಕ್ಕೆ ಹೆಸರು ಕೊಡುವಾಗ ನನ್ನದನ್ನು ಬಿಡಬೇಡ ಎನ್ನಿ. ಬಸ್ಸು ತಪ್ಪಿದರೂ ಓಡದ ನಿಮಗೆ ಈ ಸಂಕಟ ಅರ್ಥವಾಗದಿರಬಹುದು. ಆದರೂ ನೀವು ಅತ್ತಿಗೆ, ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ದೊಕ್‌ಸುನ್


ಚುಂಗ್ಜು
೨೦ ಮಾರ್ಚ್ ೨೦೦೪

ದೊಕ್‌ಸುನ್ ಅವರಿಗೆ ಹ್ವಾಜಾಳ ನಮಸ್ಕಾರ.

ಹಿಮ್ಮಡಿಯ ವಿಷಯ ಕೇಳಿ ಬೇಸರವಾಯಿತು. ನಿಮ್ಮಣ್ಣನಿಗೆ ಊಟವಾದ ಮೇಲೆ ಹೇಳಿದೆ. ಅವರು ಚಮಚ ಕೆಳಗಿಟ್ಟು, "ಅವಳಿಲ್ದೆ ನಾನೂ ಓಡಲ್ಲ" ಎಂದರು. ಮರುದಿನ ಬೆಳಿಗ್ಗೆ ನಿಜವಾಗಿಯೂ ಎದ್ದು ಹೋಗಲಿಲ್ಲ. ಅದರ ಮರುದಿನವೂ ಇಲ್ಲ.

ನಿಮ್ಮ ಚಿಂತೆಯೇ ನಿಮಗೆ ಸಾಕಷ್ಟಿದೆಯೆಂದು ಇದನ್ನು ಮುಚ್ಚಿಟ್ಟಿದ್ದೆವು: ಜನವರಿಯಲ್ಲಿ ಅವರ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆಯೆಂದು ಗೊತ್ತಾಯಿತು. ಬಸ್ಸು ಓಡಿಸಿಕೊಂಡು ಮೂವತ್ತು ವರ್ಷ ಕೂತಿದ್ದ ಮೈ. ಓಟ ನಿಂತರೆ ಅವರ ಗತಿ ಏನು? ಅದಕ್ಕೆ ಸೋಮವಾರ ನಾನೇ, "ಏಳ್ರಿ, ನಡ್ಕೊಂಡಾದ್ರೂ ಬರೋಣ, ನಾನೂ ಬರ್ತೀನಿ" ಎಂದೆ. ನಕ್ಕರು. "ನೀನಾ? ಯಾವ ಚಪ್ಪಲಿ ಹಾಕ್ಕೊಂಡು?" ಎಂದರು. ತರಕಾರಿ ಸಂತೆಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿಯಲ್ಲೇ ಹೋದೆ. ಸೇಬಿನ ತೋಟದವರೆಗೆ ಹೋಗಿ ಬಂದೆವು.

ನೀವು ಗುಣವಾಗುವವರೆಗೆ ಮಾತ್ರ. ನಿಮ್ಮ ಜಾಗ ನಿಮ್ಮದೇ.

ಹ್ವಾಜಾ


ತೊಂಗ್ಯೊಂಗ್
೨೮ ಏಪ್ರಿಲ್ ೨೦೦೪

ಅತ್ತಿಗೆಯವರಿಗೆ,

ಅಣ್ಣನ ಸಕ್ಕರೆ ಕಾಯಿಲೆ ಮೂರು ತಿಂಗಳಾದ ಮೇಲೆ ನನಗೆ ತಿಳಿಯುವಂತಾಯಿತು. ಇರಲಿ. ಗಂಡನ ಮೈಯ ವಿಷಯ ಹೆಂಡತಿಗೆ ಸೇರಿದ್ದು.

ಡಾಕ್ಟರು ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ. ನೀರಿನ ಬಾಟಲಿಯನ್ನು ಮಂಜುಗಟ್ಟಿಸಿ ಅಂಗಾಲಿನ ಕೆಳಗೆ ಉರುಳಿಸುತ್ತೇನೆ. ಕಾಲ್ಬೆರಳಿನಿಂದ ಟವೆಲ್ ಮುದುರಿ ಎಳೆಯುತ್ತೇನೆ. ಮೆಟ್ಟಿಲ ಅಂಚಿಗೆ ಬೆರಳೂರಿ ಹಿಮ್ಮಡಿ ಇಳಿಬಿಟ್ಟು ಮೂವತ್ತು ಎಣಿಸುತ್ತೇನೆ. ಕೆಳಮನೆಯವಳು ನೋಡಿ, "ಅದೇನಕ್ಕಾ, ಕೊಕ್ಕರೆ ಥರ ನಿಂತಿದೀಯ?" ಎಂದಳು. ಬಂದರಿನವರೆಗೆ ನಡೆಯಲು ಅಪ್ಪಣೆ ಸಿಕ್ಕಿದೆ. ಹೋಗುವಾಗ ಇಪ್ಪತ್ತು ನಿಮಿಷ, ಬರುವಾಗ ನಲವತ್ತು.

ಭಾನುವಾರ ಅಣ್ಣನೇ ಫೋನ್ ಮಾಡಿದ. ನನ್ನ ಕಾಲು ಹೇಗಿದೆ ಎಂದು ಕೇಳಿದ, ನಿಜ. ಆಮೇಲೆ, "ಹ್ವಾಜಾ ಇವತ್ತು ಐದು ಕಿಲೋಮೀಟ್ರು ಓಡಿದ್ಳು ಕಣೇ! ನಿಲ್ಲದೇ! ನಂಬ್ತೀಯಾ?" ಎಂದು ನಕ್ಕ. ಆ ನಗೆಯನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಮೊದಲ ಸಲ ನಾನು ಅವನನ್ನು ಹಿಂದೆ ಹಾಕಿದಾಗ ಹಾಗೆ ನಕ್ಕಿದ್ದ. ಆಗ ನನಗೆ ಒಂಬತ್ತು ವರ್ಷ.

ಹೊಸ ಶೂ ಕೊಂಡಿರಂತೆ. ಕೆಂಪು ಬಣ್ಣದ್ದಂತೆ. ನಿಮ್ಮ ವಯಸ್ಸಿಗೆ ಒಪ್ಪುತ್ತದೆಯೋ ಏನೋ. ನನಗಿಂತ ಮೂರು ವರ್ಷ ಚಿಕ್ಕವರಲ್ಲವೇ, ಒಪ್ಪಬಹುದು.

ಒಂದು ಸಣ್ಣ ಪ್ರಶ್ನೆ. ಓಡುವಾಗ ನೀವು ಅಣ್ಣನ ಯಾವ ಕಡೆ ಇರುತ್ತೀರಿ?

ಹೆಸರು ಕೊಡಲು ಜೂನ್ ಕೊನೆಯವರೆಗೆ ಅವಕಾಶವಿದೆ. ನನ್ನ ಹೆಸರು ಹಾಗೇ ಇರಲಿ ಎಂದು ಅಣ್ಣನಿಗೆ ಇನ್ನೊಮ್ಮೆ ನೆನಪಿಸಿ.

ದೊಕ್‌ಸುನ್


ಚುಂಗ್ಜು
೧೫ ಮೇ ೨೦೦೪

ದೊಕ್‌ಸುನ್ ಅವರಿಗೆ,

ಎಡಗಡೆ. ಬಸ್ಸಿನ ಇಂಜಿನ್ನಿನ ಸದ್ದಿಗೆ ಅವರ ಬಲಗಿವಿ ಮಂದವಾಗಿದೆ. ಎಡಗಡೆ ಇದ್ದರೆ ನನ್ನ ಮಾತು ಕೇಳುತ್ತದೆ. ಯಾಕೆ ಕೇಳಿದಿರಿ?

ಶೂ ಕೆಂಪಲ್ಲ, ಇಟ್ಟಿಗೆ ಬಣ್ಣ. ಅಂಗಡಿಯಲ್ಲಿ ನನ್ನ ಅಳತೆಗೆ ಇದ್ದದ್ದು ಅದೊಂದೇ.

ಒಂದು ವಿಷಯ ಕೇಳಬೇಕಿತ್ತು. ಪಾದದ ಬಗ್ಗೆ ನಮ್ಮ ಮನೆಯಲ್ಲಿ ನಿಮ್ಮಷ್ಟು ತಿಳಿದವರಿಲ್ಲ. ಹತ್ತು ದಿನದಿಂದ ಎಡಪಾದದ ಮೇಲೆ, ಎರಡನೇ ಬೆರಳಿನ ಬುಡದಲ್ಲಿ ನೋವು. ಒಂದೇ ಕಡೆ, ಬೆರಳಿಟ್ಟು ತೋರಿಸಬಹುದು. ಓಡುವಾಗ ಹೆಚ್ಚುತ್ತದೆ, ಕೂತರೆ ಕಡಿಮೆಯಾಗುತ್ತದೆ. ಸ್ವಲ್ಪ ಊದಿಕೊಂಡಿದೆ ಕೂಡ. ನಿಮ್ಮಣ್ಣನಿಗೆ ಹೇಳಿಲ್ಲ. ಹೇಳಿದರೆ ಆ ಕ್ಷಣವೇ ನಿಲ್ಲಿಸಿಬಿಡುತ್ತಾರೆ, ತಾವೂ ಸೋಫಾ ಹಿಡಿಯುತ್ತಾರೆ. ಸಕ್ಕರೆ ಈಗಷ್ಟೇ ಇಳಿಯುತ್ತಿದೆ.

ನಿಲ್ಲಿಸಬೇಕೇ, ಇಲ್ಲ ಓಡುತ್ತ ಓಡುತ್ತ ಹೋಗಿಬಿಡುತ್ತದೆಯೇ? ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ ಬರೆಯುವಿರಾ?

ಹ್ವಾಜಾ


ತೊಂಗ್ಯೊಂಗ್
೨೪ ಮೇ ೨೦೦೪

ಪ್ರೀತಿಯ ಅತ್ತಿಗೆಗೆ,

ನೀವು ನನ್ನನ್ನು ಕೇಳಿದ್ದು ಸಂತೋಷವಾಯಿತು. ಏನೂ ಹೆದರಬೇಡಿ. ಹೊಸದಾಗಿ ಓಡುವವರಿಗೆಲ್ಲ ಹೀಗಾಗುತ್ತದೆ. ಮೂಳೆಗೆ ರೂಢಿಯಿಲ್ಲ, ಅಷ್ಟೇ. ನಿಲ್ಲಿಸಿದರೆ ಪಾದ ಬಿಗಿದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಲೇಸನ್ನು ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಿ. ನೋವಿನ ಮೇಲೆಯೇ ಓಡಿದರೆ ಎರಡು ಮೂರು ವಾರದಲ್ಲಿ ಅದೇ ಸೋತು ಹೋಗುತ್ತದೆ. ಡಾಕ್ಟರನ್ನೂ ಕೇಳಿದೆ. ಅವರೂ ಅದನ್ನೇ ಹೇಳಿದರು.

ಅಣ್ಣನಿಗೆ ಹೇಳದೆ ಇದ್ದದ್ದು ಒಳ್ಳೆಯದಾಯಿತು. ಗಂಡಸರು ಇಂಥದ್ದಕ್ಕೆ ಗಾಬರಿಯಾಗುತ್ತಾರೆ.

ಮನೆಯಲ್ಲೇ ಒಣಗಿಸಿದ ಸಣ್ಣ ಮೀನು ಕಳಿಸಿದ್ದೇನೆ. ಮೂಳೆಗೆ ಒಳ್ಳೆಯದು.

ನಿಮ್ಮ ದೊಕ್‌ಸುನ್


ಚುಂಗ್ಜು
೧೦ ಜೂನ್ ೨೦೦೪

ದೊಕ್‌ಸುನ್ ಅವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು, 'ಪ್ರೀತಿಯ' ಎಂದು ನೀವು ಬರೆದದ್ದು ಇದೇ ಮೊದಲು. ಮೀನನ್ನು ಸೋಯಾ ರಸದಲ್ಲಿ ಹುರಿದೆ. ನಿಮ್ಮಣ್ಣ ಬಟ್ಟಲು ಖಾಲಿ ಮಾಡಿದರು.

ನೀವು ಹೇಳಿದಂತೆ ಲೇಸು ಬಿಗಿದು ನಿನ್ನೆ ಹನ್ನೆರಡು ಕಿಲೋಮೀಟರ್ ಮುಗಿಸಿದೆ. ಕೊನೆಯ ಎರಡರಲ್ಲಿ ಕಣ್ಣಲ್ಲಿ ನೀರು ಬಂತು. ಬೆವರೆಂದು ಒರೆಸಿಕೊಂಡೆ.

ಇಷ್ಟು ಅಕ್ಕರೆಯಿಂದ ಬರೆದವರಿಗೆ ಇನ್ನು ಮುಚ್ಚಿಡಲಾರೆ. ಓಟಕ್ಕೆ ಹೆಸರು ಕೊಟ್ಟಾಗಿದೆ. ಏಪ್ರಿಲ್ ಮೊದಲ ವಾರದಲ್ಲೇ. ನಿಮ್ಮಣ್ಣನ ಹೆಸರಿನ ಪಕ್ಕ ನನ್ನ ಹೆಸರಿದೆ. ನಿಮ್ಮ ಹಿಮ್ಮಡಿಗೆ ಆತುರವಾಗಬಾರದೆಂದು ಹಾಗೆ ಮಾಡಿದ್ದು. ತಪ್ಪು ತಿಳಿಯಬೇಡಿ.

ಹ್ವಾಜಾ


ತೊಂಗ್ಯೊಂಗ್
೧೮ ಜೂನ್ ೨೦೦೪

ಅತ್ತಿಗೆಯವರಿಗೆ,

ಏಪ್ರಿಲ್ ಮೊದಲ ವಾರ. ಏಪ್ರಿಲ್ ಕೊನೆಯಲ್ಲಿ ನನ್ನ ಹೆಸರು ಇರಲಿ ಎಂದು ನಾನು ಬರೆದಾಗ ನಿಮಗೆ ಗೊತ್ತಿತ್ತು. ಫೋನಿನಲ್ಲಿ ನಕ್ಕಾಗ ಅಣ್ಣನಿಗೂ ಗೊತ್ತಿತ್ತು.

ತಪ್ಪು ತಿಳಿಯುವುದೇನಿದೆ? ನಿಮ್ಮ ಗಂಡ, ನಿಮ್ಮ ಊರು, ನಿಮ್ಮ ಕೆರೆ. ಚೆನ್ನಾಗಿ ಓಡಿ.

ದೊಕ್‌ಸುನ್


ಚುಂಗ್ಜು
೨೨ ಜುಲೈ ೨೦೦೪

ದೊಕ್‌ಸುನ್ ಅವರಿಗೆ,

ತಿಂಗಳಿಂದ ನಿಮ್ಮ ಸುದ್ದಿಯಿಲ್ಲ. ಕೋಪವಿದ್ದರೂ ಇದನ್ನು ತಿಳಿಸಬೇಕು.

ಹನ್ನೆರಡನೇ ತಾರೀಕು ಸೇಬಿನ ತೋಟದ ತಿರುವಿನಲ್ಲಿ ನನ್ನ ಪಾದದೊಳಗೆ ಏನೋ ಚಟ್ಟೆಂದಿತು. ಒಣ ಕಡ್ಡಿ ಮುರಿದ ಹಾಗೆ. ನಿಮ್ಮಣ್ಣ ನನ್ನನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದರು. ಎರಡನೇ ಬೆರಳಿನ ಹಿಂದಿನ ಮೂಳೆ ಸೀಳಿದೆ, ಪೂರ್ತಿ. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಇಲ್ಲಿಯ ಡಾಕ್ಟರು ಬೈದರು: "ಮೇ ತಿಂಗ್ಳಲ್ಲೇ ನಿಲ್ಸಿದ್ರೆ ಮೂರು ವಾರಕ್ಕೆ ವಾಸಿಯಾಗ್ತಿತ್ತು. ಯಾರ್ರೀ ಹೇಳಿದ್ದು ಇದರ ಮೇಲೆ ಓಡಿ ಅಂತ?"

ತೊಂಗ್ಯೊಂಗಿನ ಡಾಕ್ಟರೊಬ್ಬರು ಎಂದೆ. ಅದನ್ನು ಕೇಳಿದಾಗಿನಿಂದ ನಿಮ್ಮಣ್ಣ ಕೆಂಡವಾಗಿದ್ದಾರೆ. "ಪಾದ ನೋಡ್ದೇನೇ ಔಷಧಿ ಹೇಳೋನು ಅವನೆಂಥ ಡಾಕ್ಟ್ರು! ನಂಬರ್ ಇಸ್ಕೋ, ನಾನು ಮಾತಾಡ್ತೀನಿ" ಎನ್ನುತ್ತಿದ್ದಾರೆ. ನಂಬರ್ ಕಳಿಸಿದರೆ ಅವರ ಬಾಯಿಗಾದರೂ ಬಿಡುವು ಸಿಗುತ್ತದೆ. ನಿಮ್ಮ ಮೇಲೆ ನನಗೇನೂ ಇಲ್ಲ. ನೀವು ಕೇಳಿದ್ದನ್ನು ಬರೆದಿರಿ.

ಇಷ್ಟರಲ್ಲಿ ನಿಮ್ಮ ಹಿಮ್ಮಡಿ ಗುಣವಾಗಿರಬೇಕು. ಓಟದ ಆಫೀಸಿಗೆ ಹೇಳಿ ನನ್ನ ಹೆಸರು ತೆಗೆಸಿ ನಿಮ್ಮದು ಬರೆಸುತ್ತೇನೆ. ನಿಮಗೆ ಸೇರಿದ್ದು ನಿಮಗೇ ಬಂತು.

ಹ್ವಾಜಾ


ತೊಂಗ್ಯೊಂಗ್
೩ ಆಗಸ್ಟ್ ೨೦೦೪

ಅತ್ತಿಗೆ,

ನಂಬರ್ ಕಳಿಸುವುದಿಲ್ಲ. ಆ ಡಾಕ್ಟರದು ಏನೂ ತಪ್ಪಿಲ್ಲ. ನಾನು ಅವರನ್ನು ಕೇಳಲೇ ಇಲ್ಲ.

ಕೇಳುವ ಅಗತ್ಯವೇ ಇರಲಿಲ್ಲ, ನನಗೆ ಗೊತ್ತಿತ್ತು. ಮಾರ್ಚಿನಲ್ಲಿ ನಮ್ಮ ಶೆಡ್ಡಿನ ಹೆಂಗಸೊಬ್ಬಳು ನನ್ನ ಜೊತೆಗೇ ಆಸ್ಪತ್ರೆಗೆ ಬಂದಿದ್ದಳು. ಅದೇ ಜಾಗ, ಅದೇ ನೋವು, ಬೆರಳಿಟ್ಟು ತೋರಿಸುವಂಥದ್ದು. ಡಾಕ್ಟರು ನನ್ನ ಎದುರಿಗೇ ಅವಳಿಗೆ, "ಇವತ್ತಿಂದ ಒಂದು ಹೆಜ್ಜೆ ಹೆಚ್ಚಿಗೆ ಇಡ್ಬೇಡಿ, ಮೂಳೆ ಸೀಳತ್ತೆ" ಎಂದಿದ್ದರು. ನಿಮ್ಮ ಕಾಗದ ಓದಿದ ಕೂಡಲೇ ಆ ಮಾತು ಕಿವಿಯಲ್ಲಿ ಕೇಳಿಸಿತು. ಆದರೂ ಕೂತು ಹಾಗೆ ಬರೆದೆ. ಸಿಟ್ಟಿನ ಭರದಲ್ಲಿ ಬರೆದದ್ದಲ್ಲ. ನಿಧಾನವಾಗಿ, ಒಳ್ಳೆಯ ಅಕ್ಷರದಲ್ಲಿ ಬರೆದೆ. 'ಪ್ರೀತಿಯ' ಎಂದು ಸೇರಿಸಿದೆ. ಅಂಚೆ ಡಬ್ಬಿಗೆ ಹಾಕಿ, ಕೈ ಒರೆಸಿಕೊಂಡು ಕೆಲಸಕ್ಕೆ ಹೋದೆ.

ಯಾಕೆ ಎಂದು ನೀವು ಕೇಳುತ್ತೀರಿ. 'ಎಡಗಡೆ' ಎಂದು ಬರೆದಿರಲ್ಲ, ಅದಕ್ಕೆ. ಅಣ್ಣನ ನಗೆಗೆ, ಆ ಇಟ್ಟಿಗೆ ಬಣ್ಣದ ಶೂಗೆ. ನನಗಿಂತ ಚಿಕ್ಕವರಾದ ನಿಮ್ಮನ್ನು ಮೊದಲ ದಿನದಿಂದ ಬಹುವಚನದಲ್ಲಿ ಕರೆದು ತಲೆ ಬಾಗಿದೆ. ಮನೆ, ಹಬ್ಬದ ಅಡುಗೆ, ಅಮ್ಮನ ಉಂಗುರ, ಎಲ್ಲ ನಿಮ್ಮ ಪಾಲಿಗೆ ಹೋಯಿತು. ಆಗಲಿ ಎಂದೆ. ಓಡುವುದೊಂದು ಮಾತ್ರ ನನ್ನ ಬಳಿ ಉಳಿದಿತ್ತು. ನೀವು ರಬ್ಬರ್ ಚಪ್ಪಲಿಯಲ್ಲಿ ಬಂದು ಅದನ್ನೂ ತೆಗೆದುಕೊಂಡಿರಿ ಅನ್ನಿಸಿತು. ಸ್ವಲ್ಪ ನೋಯಲಿ, ನೊಂದು ಬಿಟ್ಟುಬಿಡಲಿ ಎಂದುಕೊಂಡೆ. ಮುರಿಯಲಿ ಎಂದು ಬಯಸಿದೆನೇ? ದಿನಕ್ಕೆ ಎಷ್ಟು ಸಲ ಕೇಳಿಕೊಂಡರೂ ಇಲ್ಲ ಎಂದು ಗಟ್ಟಿಯಾಗಿ ಹೇಳಲಾಗುತ್ತಿಲ್ಲ.

ಅಣ್ಣನಿಗೆ ಹೇಳಿ. ಅಥವಾ ಬಿಡಿ. ನಿಮಗೆ ಹೇಗೆ ಸರಿಯೋ ಹಾಗೆ.

ದೊಕ್‌ಸುನ್


ಚುಂಗ್ಜು
೨೦ ಆಗಸ್ಟ್ ೨೦೦೪

ದೊಕ್‌ಸುನ್,

ಮೂವತ್ತೊಂದು ವರ್ಷ ನಾನೂ ನಿನ್ನನ್ನು ಬಹುವಚನದಲ್ಲೇ ಕರೆದೆ. ಗಂಡನ ತಂಗಿ, ವಯಸ್ಸಿನಲ್ಲಿ ದೊಡ್ಡವಳು ಎಂದು. ಇವತ್ತು ಆಗುವುದಿಲ್ಲ.

ನಿನ್ನ ಕಾಗದ ಬಂದಾಗ ನಾನು ನೆಲದ ಮೇಲೆ ಕೂತು ಮೂಲಂಗಿ ಹೆಚ್ಚುತ್ತಿದ್ದೆ. ಈ ಸೆಕೆಯಲ್ಲಿ ಪ್ಲಾಸ್ಟರಿನೊಳಗೆ ಕಾಲು ತುರಿಸುತ್ತದೆ, ಹೆಣಿಗೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೇನೆ. ಬಚ್ಚಲಿಗೆ ಅಂಬೆಗಾಲಿಡುತ್ತೇನೆ. ಐವತ್ತನಾಲ್ಕು ವರ್ಷದ ಹೆಂಗಸು. ಇದೆಲ್ಲ ನಿನಗೆ ತಿಳಿದಿರಲಿ.

ನಿಮ್ಮಣ್ಣನಿಗೆ ಹೇಳಿಲ್ಲ. ನಿನ್ನ ಮೇಲಿನ ದಯೆಯಿಂದಲ್ಲ. ಹೇಳಿದರೆ ಆತ ನಿನ್ನ ಮುಖ ನೋಡುವುದಿಲ್ಲ. ತಂಗಿಯನ್ನು ಕಳೆದುಕೊಂಡ ಆ ಗಂಡಸಿನ ಜೊತೆ ದಿನಾ ಊಟಕ್ಕೆ ಕೂರಬೇಕಾದವಳು ನಾನು.

ನಾನು ನಿನ್ನ ಜಾಗ ತೆಗೆದುಕೊಂಡೆ ಅನ್ನುತ್ತೀಯ. ಪ್ರತಿ ಹಬ್ಬಕ್ಕೂ ನೀನು ಬರುತ್ತೀಯ. ಊಟವಾದ ಮೇಲೆ ನೀವಿಬ್ಬರೂ ಆ ಶಾಲೆಯ ದಾರಿ ಶುರುಮಾಡುತ್ತೀರಿ. ಹೊಳೆ ಗಾಳಿ, ಮುರುಕು ಸೇತುವೆ, ನಾಯಿ ಅಟ್ಟಿಸಿಕೊಂಡು ಬಂದದ್ದು. ನಾನು ಅಡುಗೆಮನೆಯಲ್ಲಿ ಮರಸೇಬಿನ ಸಿಪ್ಪೆ ತೆಗೆಯುತ್ತ ಕೇಳಿಸಿಕೊಳ್ಳುತ್ತೇನೆ. ತಟ್ಟೆ ತಂದಿಟ್ಟಾಗ ಇಬ್ಬರೂ ಒಂದು ಕ್ಷಣ ಮಾತು ನಿಲ್ಲಿಸುತ್ತೀರಿ, ಅಪರಿಚಿತರು ಬಂದ ಹಾಗೆ. ಇಪ್ಪತ್ತು ವರ್ಷದಿಂದ ಕೆರೆಯ ತಳದಲ್ಲಿರುವ ಒಂದು ರಸ್ತೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಯಾರಿಗೆ ಹೇಳಲಿ ಇದನ್ನು?

ಈ ವರ್ಷ ಮಾರ್ಚಿನಲ್ಲಿ ಮೊದಲ ಸಲ ಆತ ನನ್ನ ಜೊತೆ ನಡೆದರು. ನಡೆಯುತ್ತ ಮಾತಾಡಿದರು. ಬಸ್ಸಿನಲ್ಲಿ ಒಮ್ಮೆ ಹೆರಿಗೆಯಾದದ್ದು, ಅಮ್ಮ ಸಾಯುವ ದಿನ ಕೇಳಿದ್ದು, ಯಾವುದನ್ನೂ ಮನೆಯೊಳಗೆ ನನಗೆ ಹೇಳಿರಲಿಲ್ಲ. ಆ ಬೆಳಗುಗಳು ಮುಗಿಯಬಾರದು ಅನ್ನಿಸಿತು. ಅದಕ್ಕೆ ಕೇಳು, ನಾನೂ ಸುಳ್ಳು ಬರೆದಿದ್ದೇನೆ. ಹೆಸರು ಬದಲಿಸಿದ್ದು ನಿಮ್ಮಣ್ಣನಲ್ಲ. ಆತ ನಿನ್ನ ಹೆಸರನ್ನೇ ಬರೆದಿದ್ದರು. "ಅವಳ ಕಾಲು ಆಗಲ್ಲ ಅಂತ ಅವಳೇ ಹೇಳಿದಾಳೆ, ನನ್ನ ಹೆಸರು ಬರೀರಿ" ಎಂದು ಆತನಿಂದ ಬರೆಸಿದವಳು ನಾನು. ನೀನು ಹಾಗೆ ಹೇಳಿರಲೇ ಇಲ್ಲವೆಂದು ಆತನಿಗೆ ಇವತ್ತಿಗೂ ಗೊತ್ತಿಲ್ಲ. ನೀನು ಗುಣವಾಗುವುದು ತಡವಾಗಲಿ ಎಂದು ನಾನೂ ಬೇಡಿಕೊಂಡಿದ್ದೆ. ಆದರೆ ನಿನ್ನ ಪಾದ ಮುರಿಯುವ ದಾರಿ ನಾನು ತೋರಿಸಲಿಲ್ಲ. ಆ ವ್ಯತ್ಯಾಸ ನೆನಪಿಡು.

ನಿನ್ನ ಹೆಸರು ಬರೆಸಿದ್ದೇನೆ. ಬಂದು ಓಡು. ಆತನಿಗೆ ಓಟ ಬೇಕು, ನನ್ನಿಂದ ಆಗದು. ಇದನ್ನು ಕ್ಷಮೆ ಎಂದುಕೊಳ್ಳಬೇಡ. ನೀನು ಮಾಡಿದ್ದನ್ನು ನೀನೇ ಆತನಿಗೆ ಹೇಳು. ನನ್ನ ಸುಳ್ಳನ್ನು ನಾನು ಹೇಳುತ್ತೇನೆ.

ಹ್ವಾಜಾ


ತೊಂಗ್ಯೊಂಗ್
೧೨ ಸೆಪ್ಟೆಂಬರ್ ೨೦೦೪

ಅತ್ತಿಗೆ,

ಇಪ್ಪತ್ತು ದಿನದಿಂದ ಬರೆದು ಬರೆದು ಹರಿದು ಹಾಕುತ್ತಿದ್ದೇನೆ. ನೀವು ಮರಸೇಬು ತಂದಿಟ್ಟಾಗ ನಾವು ಸುಮ್ಮನಾಗುತ್ತಿದ್ದದ್ದು ನಿಜ. ನನಗೆ ಗೊತ್ತಿತ್ತು. ಅದು ನನಗೆ ಹಿತವಾಗಿತ್ತು.

ಬರುತ್ತೇನೆ. ಆದರೆ ಒಂದು ಮಾತು. ನನ್ನ ಹಿಮ್ಮಡಿ ಗುಣವಾಗಿಲ್ಲ. ಫೋನಿನಲ್ಲಿ ಅಣ್ಣನಿಗೆ "ಎಂಟು ಓಡಿದೆ, ಹತ್ತು ಓಡಿದೆ" ಎಂದು ಹೇಳಿದ್ದೆಲ್ಲ ಸುಳ್ಳು. ನೀವು ಐದು ಓಡಿದಿರೆಂದು ಕೇಳಿದ ಮರುದಿನವೇ ಡಾಕ್ಟರ ಮಾತು ಮೀರಿ ಓಡಿದೆ, ಊತ ಮತ್ತೆ ಬಂತು. ಆಮೇಲೆ ಇನ್ನೆರಡು ಸಲ. ನಾಲ್ಕು ತಿಂಗಳಿಗೆ ಮುಗಿಯಬೇಕಾದದ್ದು ಆರಾದರೂ ಮುಗಿದಿಲ್ಲ. ಈಗ ಒಂದು ನಿಮಿಷ ಓಡುತ್ತೇನೆ, ಎರಡು ನಿಮಿಷ ನಡೆಯುತ್ತೇನೆ. ಹಾಗೆ ಹೋದವಾರ ಹದಿನಾಲ್ಕು ಕಿಲೋಮೀಟರ್ ಮುಗಿಯಿತು. ಡಾಕ್ಟರು ಒಪ್ಪಿದ್ದಾರೆ. ಈ ಸಲ ನಿಜವಾಗಿಯೂ ಕೇಳಿದ್ದೇನೆ.

ಓಟಕ್ಕೆ ಮೂರು ಗಂಟೆಯ ಗಡುವು. ನನ್ನಿಂದ ಅಣ್ಣನಿಗೆ ತಡವಾಗಬಹುದು.

ದೊಕ್‌ಸುನ್


ತೊಂಗ್ಯೊಂಗ್
೨೪ ಅಕ್ಟೋಬರ್ ೨೦೦೪

ಅತ್ತಿಗೆ,

ನೀವು ಗೆರೆಯ ಹತ್ತಿರ ಕೋಲೂರಿಕೊಂಡು, ಅನ್ನದ ಸುರುಳಿಯ ಡಬ್ಬಿ ಹಿಡಿದು ನಿಂತಿದ್ದಿರಿ. ನಾನು ತಲೆಯೆತ್ತಲಿಲ್ಲ, ಡಬ್ಬಿ ಇಸಿದುಕೊಂಡು ಬಸ್ಸು ಹತ್ತಿದೆ. ಅಣ್ಣ ಮನೆಗೆ ಬಂದು ಏನು ಹೇಳಿದನೋ, ಏನೂ ಹೇಳಲಿಲ್ಲವೋ ತಿಳಿಯದು. ದಾರಿಯಲ್ಲಿ ನಡೆದದ್ದನ್ನು ನಾನು ಹೇಳಬೇಕು.

ಮೊದಲ ಏಳೆಂಟು ಕಿಲೋಮೀಟರ್ ಚೆನ್ನಾಗಿತ್ತು. ಒಂದು ಓಟ, ಎರಡು ನಡಿಗೆ. ಅಣ್ಣ ನನ್ನ ಗಡಿಯಾರ ನೋಡಿ ತಮಾಷೆ ಮಾಡಿದ: "ಇದೇನೇ, ಬಸ್‌ಸ್ಟಾಪಿಗೊಂದ್ಸಲ ನಿಲ್ಲೋ ಬಸ್ಸು!" ಜನರೆಲ್ಲ ನಮ್ಮನ್ನು ದಾಟಿ ಹೋದರು. ಕೈ ಕೈ ಹಿಡಿದ ಗಂಡಹೆಂಡಿರು, ಅಪ್ಪ ಮಗಳು. ನನಗೆ ಬೇಕಾದ ಜಾಗದಲ್ಲಿ, ಅವನ ಎಡಗಡೆ, ನಾನಿದ್ದೆ. ಆದರೆ ಅವನು ಮಾತು ಮಾತಿಗೆ ನಿಮ್ಮನ್ನೇ ತರುತ್ತಿದ್ದ. "ಈ ಏರು ಹ್ವಾಜಾಗೆ ಆಗ್ತಿರ್ಲಿಲ್ಲ." "ಇಲ್ಲಿ ಅವಳು ಒಂದ್ಸಲ ಬಾತುಕೋಳಿ ನೋಡಿ ಹೆದರಿಬಿಟ್ಲು."

ಹದಿಮೂರನೆಯ ಕಿಲೋಮೀಟರಿನಲ್ಲಿ ಆ ದೊಡ್ಡ ಸೇತುವೆ. ಅಲ್ಲಿ ಹೇಳಿದೆ. "ಅಣ್ಣ, ಡಾಕ್ಟ್ರು ಹಾಗೆ ಹೇಳಿರ್ಲಿಲ್ಲ. ನಾನೇ ಬರ್ದೆ. ಗೊತ್ತಿದ್ದೂ ಬರ್ದೆ."

ಮೊದಲು ಕೇಳಿಸಲಿಲ್ಲ ಎಂದುಕೊಂಡೆ. ಆಮೇಲೆ ನಿಂತ. ಸೇತುವೆಯ ಕಂಬಿ ಹಿಡಿದುಕೊಂಡ.

"ಹ್ವಾಜಾಗೆ ಗೊತ್ತಾ?"

"ಗೊತ್ತು. ಆಗಸ್ಟಿಂದ."

"ಅವಳು ಬಚ್ಚಲಿಗೆ ಅಂಬೆಗಾಲಲ್ಲಿ ಹೋಗ್ತಿದ್ಲು. ನಾನು ಎತ್ಕೋತೀನಿ ಅಂದ್ರೂ ಬಿಡ್ತಿರ್ಲಿಲ್ಲ. ನಾನು ಆಚೆ ನಿಂತು ಕೇಳಿಸ್ಕೋತಿದ್ದೆ, ಪ್ಲಾಸ್ಟರ್ ನೆಲಕ್ಕೆ ಉಜ್ಜೋ ಸದ್ದು. ದಿನಾ. ನಿಂಗೆ ಗೊತ್ತಾ ಅದು?"

ಅತ್ತಿಗೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಕ್ಷಣದಲ್ಲೂ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನ ನೋವಿನ ಸದ್ದನ್ನು ಬಾಗಿಲ ಆಚೆ ನಿಂತು ಕೇಳುವವರು ಈಗ ಯಾರೂ ಇಲ್ಲ.

ಅವನು ಹೊರಟ. ಓಡಲಿಲ್ಲ, ಬಿರುಸಾಗಿ ನಡೆದ. ನಾನು ಹಿಂದೆ. ಹತ್ತು ಹೆಜ್ಜೆ ಇಪ್ಪತ್ತಾಯಿತು, ಐವತ್ತಾಯಿತು, ತಿರುವಿನಲ್ಲಿ ಕಾಣದಾದ. ಹಿಮ್ಮಡಿ ಚುಚ್ಚುತ್ತಿತ್ತು. ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು, ತಡೆಯಲು ಯಾರೂ ಇರಲಿಲ್ಲ. ಸುಸ್ತಾದವರನ್ನು ಒಯ್ಯುವ ವ್ಯಾನ್ ಪಕ್ಕದಲ್ಲಿ ನಿಧಾನವಾಗಿ ಬಂದು, ಡ್ರೈವರ್ ಕಿಟಕಿಯಿಂದ "ಹತ್ಕೊಳ್ಳಿ ಚಿಕ್ಕಮ್ಮ, ಸಾಕು" ಎಂದ. ಹತ್ತಿದ್ದರೆ ಅಣ್ಣನಿಗೆ ಮುಖ ತೋರಿಸುವ ಕಷ್ಟ ತಪ್ಪುತ್ತಿತ್ತು. ಹತ್ತಲಿಲ್ಲ.

ಹದಿನೆಂಟರ ನೀರಿನ ಮೇಜಿನ ಹತ್ತಿರ ಅವನು ನಿಂತಿದ್ದ. ಲೋಟ ಚಾಚಿದ, ನನ್ನತ್ತ ನೋಡಲಿಲ್ಲ. "ಕುಡಿ. ಕೋಪ ಇದೆ ನಿನ್ ಮೇಲೆ. ಬೇಗ ಹೋಗಲ್ಲ ಇದು. ಕುಡಿ." ಕುಡಿದೆ. ಅಲ್ಲಿಂದ ಕೊನೆಯವರೆಗೆ ಜೊತೆಗೇ ನಡೆದ. ಮೂರು ಗಂಟೆ ಇಪ್ಪತ್ತಾರು ನಿಮಿಷ. ಗಾಳಿ ತುಂಬಿದ ಕಮಾನನ್ನು ಆಗಲೇ ಇಳಿಸಿ ಮಡಿಸುತ್ತಿದ್ದರು. ಕೈ ಹಿಡಿದು ದಾಟಬೇಕೆಂದು ನಿಯಮ. ಅವನು ಕೈ ಕೊಡಲಿಲ್ಲ. ನನ್ನನ್ನು ಬಿಟ್ಟು ನೇರ ನಿಮ್ಮ ಹತ್ತಿರ ಬಂದು, ನಿಮ್ಮ ಕೋಲು ತೆಗೆದುಕೊಂಡು ತೋಳು ಕೊಟ್ಟದ್ದನ್ನು ನೋಡಿದೆ. ತಡವಾದದ್ದಕ್ಕೆ ಸಿಟ್ಟು ಎಂದು ನೀವು ತಿಳಿದಿರಬಹುದು. ಅದಕ್ಕಲ್ಲ.

ಅವನು ಇನ್ನು ಫೋನ್ ಮಾಡುವುದಿಲ್ಲವೆಂದು ತೋರುತ್ತದೆ. ನಾನೂ ಮಾಡುವುದಿಲ್ಲ. ಶೆಡ್ಡಿನಲ್ಲಿ ಈ ಸಲದ ಸಿಂಪಿ ಕೆಲಸ ಶುರುವಾಗಿದೆ. ಕಾಲ ಕೆಳಗೆ ಮರದ ಹಲಗೆ ಹಾಕಿಸಿಕೊಂಡಿದ್ದೇನೆ, ಅರ್ಧ ದಿನ ಮಾತ್ರ ಕೆಲಸ.

ನಿಮ್ಮ ಪಾದಕ್ಕೆ ಆದದ್ದು ನನ್ನಿಂದ. ತಪ್ಪಾಯಿತು.

ದೊಕ್‌ಸುನ್


ಚುಂಗ್ಜು
೨೮ ನವೆಂಬರ್ ೨೦೦೪

ದೊಕ್‌ಸುನ್,

ಏಕವಚನ ಹಾಗೇ ಉಳಿಯಲಿ. ಅಭ್ಯಾಸವಾಗಿದೆ. ಬೇಕಾದರೆ ನೀನೂ ಬದಲಿಸಿಕೋ.

ನನ್ನ ಸುಳ್ಳನ್ನು ನಾನೂ ಹೇಳಿದೆ. ನಿಮ್ಮಣ್ಣ ಎರಡು ದಿನ ನನ್ನ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಸಾರಿನಲ್ಲಿ ಉಪ್ಪಿಲ್ಲವೆಂದು ಬೈದರು. ಅಲ್ಲಿಗೆ ನನ್ನದು ಮುಗಿಯಿತು. ನಿನ್ನದು ಮುಗಿದಿಲ್ಲ. ನಿನ್ನ ಹೆಸರು ಬಂದರೆ ಎದ್ದು ಟೀವಿಯ ಸದ್ದು ಹೆಚ್ಚು ಮಾಡುತ್ತಾರೆ. ಆದರೆ ಮೊನ್ನೆ ಚಳಿ ಹೆಚ್ಚಾದಾಗ, "ಆ ಶೆಡ್ಡಲ್ಲಿ ಬೆಂಕಿಗಿಂಕಿ ಇಟ್ಟಿರ್ತಾರೋ ಇಲ್ವೋ" ಎಂದು ಗೋಡೆಗೆ ಹೇಳಿದರು. ನಾನು ಕೇಳಿಸದವಳ ಹಾಗೆ ಇದ್ದೆ.

ಊತ ಇಳಿದಿದೆ. ದಿನಾ ಅರ್ಧ ಗಂಟೆ, ಸಮತಟ್ಟು ನೆಲದಲ್ಲಿ, ನಿಧಾನವಾಗಿ ನಡೆಯಬೇಕು, ಒಬ್ಬಳೇ ಹೋಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ನಿಮ್ಮಣ್ಣನ ಜೊತೆ ಹೋಗಿ ನೋಡಿದೆ. ಆತ ಮುಂದೆ ಹೋಗಿ ತಿರುಗಿ ನಿಂತು ಗಡಿಯಾರ ನೋಡುತ್ತಾರೆ. ನಾನು ಹತ್ತಿರ ಬಂದ ಕೂಡಲೇ ಮತ್ತೆ ಹೊರಡುತ್ತಾರೆ. ಬೆಳಗಿನ ಮಾತೆಲ್ಲ ಹೋಯಿತು. ಕಾಲು ಕೆಟ್ಟವರ ನಡಿಗೆ ಕಾಲು ಕೆಟ್ಟವರಿಗೇ ಗೊತ್ತು.

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ನನಗೇ ಗೊತ್ತಿಲ್ಲ. ಚಳಿಗೆ ಆ ಮೂಳೆ ನೊಂದಾಗ ನಿನ್ನನ್ನು ಬೈಯುತ್ತೇನೆ, ಬಾಯಿ ತುಂಬ. ಆದರೆ ನೀನು ಆ ವ್ಯಾನ್ ಹತ್ತಲಿಲ್ಲ ಎಂಬುದನ್ನೂ ಮತ್ತೆ ಮತ್ತೆ ಓದುತ್ತೇನೆ.

ಏಪ್ರಿಲಿನಲ್ಲಿ ಇಲ್ಲಿ ಇನ್ನೊಂದು ಅರ್ಧ ಮ್ಯಾರಥಾನ್ ಇದೆ. ನಡೆಯುವವರಿಗೂ ಅವಕಾಶ, ಐದು ಗಂಟೆಯ ಗಡುವು. ಒಬ್ಬರು ಮುರಿದುಕೊಂಡವರು, ಒಬ್ಬರು ಮುರಿಸಿದವರು, ಇಬ್ಬರೂ ಕುಂಟುವವರು. ಸಿಂಪಿಯ ಕೆಲಸಕ್ಕೆ ವಾರ ರಜ ಹಾಕಿ ಬಾ. ಮೊದಲು ಸೇಬಿನ ತೋಟದವರೆಗೆ ನಡೆದು ನೋಡೋಣ. ಜಗಳವಾಡುವುದು ಬಹಳ ಉಳಿದಿದೆ, ದಾರಿಯಲ್ಲಿ ಆಡಬಹುದು.

ಅರ್ಜಿಯಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಬರೆದೆ. ನಿಮ್ಮಣ್ಣ ಹಿಂದಿನಿಂದ ಬಗ್ಗಿ ಓದಿದರು. ಬಹಳ ಹೊತ್ತು ಓದಿದರು.

"ನಾನು?" ಎಂದರು.

"ನೀವು ಗೆರೆ ಹತ್ರ ಡಬ್ಬಿ ಹಿಡ್ಕೊಂಡು ನಿಂತ್ಕೊಳ್ಳಿ" ಎಂದೆ.

ಆತನ ಮುಖ ನೀನು ನೋಡಬೇಕಿತ್ತು. ನನಗೆ ಅದರ ಗುರುತು ಹಿಡಿಯಲು ಅರೆಗಳಿಗೆಯೂ ಬೇಕಾಗಲಿಲ್ಲ. ಮೂವತ್ತೊಂದು ವರ್ಷ ಅದೇ ಮುಖವನ್ನು ಕನ್ನಡಿಯಲ್ಲಿ ನೋಡಿದ್ದೇನೆ.

ಹ್ವಾಜಾ